ಕ್ರೀಡಾ ಕಟಿಂಗ್ ಪುಸ್ತಕ ಹಾಳಾಗುತ್ತಿದೆಯೇ? ಕಲೆ ನೋಡಿ ಕಾರಣ ಹಿಡಿಯಿರಿ

ಅನಿಲ್ ಕುಂಬ್ಳೆ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಿದ್ದು 1999ರ ಫೆಬ್ರುವರಿ 7ರಂದು. ಮರುದಿನದ ಪೇಪರ್ ಕತ್ತರಿಸಿ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಕಟಿಂಗ್ ಈಗ ತೆಗೆದು ನೋಡಿದರೆ ಒಂದು ಮನೆಯಲ್ಲಿ ಬರೀ ಹಳದಿಯಾಗಿರುತ್ತದೆ. ಇನ್ನೊಂದು ಮನೆಯಲ್ಲಿ ಮುಟ್ಟಿದರೆ ಮುರಿಯುತ್ತದೆ. ಮತ್ತೊಂದು ಮನೆಯಲ್ಲಿ ಹುಳ ತಿಂದು ಸ್ಕೋರ್‌ಕಾರ್ಡೇ ಉಳಿದಿರುವುದಿಲ್ಲ. ಪೇಪರ್ ಒಂದೇ, ವಯಸ್ಸೂ ಒಂದೇ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಆ ತುಣುಕಿನ ಪಕ್ಕದಲ್ಲಿ ಏನಿತ್ತು ಅನ್ನುವುದರಿಂದ. ಯಾವ ಅಂಟು, ಯಾವ ಹಾಳೆ, ಯಾವ ಪ್ಲಾಸ್ಟಿಕ್, ಎಷ್ಟು ತೇವ ಅನ್ನುವುದರಿಂದ.

ಆದ್ದರಿಂದ ರಿಪೇರಿಗೆ ಕೈ ಹಾಕುವ ಮೊದಲು ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ ನೋಡಿ. ಮುಕ್ಕಾಲು ಪಾಲು ಸಲ ಕಾರಣ ಅಲ್ಲೇ ಸಿಗುತ್ತದೆ.

ಮುಟ್ಟುವ ಮೊದಲು

ಪುಸ್ತಕವನ್ನು ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ ಇಡಿ. ಕಿಟಕಿ ಬೆಳಕು ಸಾಕು, ಬಿಸಿಲು ಬೇಡ. ನಿಧಾನಕ್ಕೆ ಒಂದೊಂದೇ ಪುಟ ತಿರುಗಿಸಿ, ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆಯಿರಿ. ಸ್ಕ್ಯಾನ್ ಆಮೇಲೆ ಮಾಡೋಣ. ಈಗ ತೆಗೆಯುವ ಫೋಟೊ ಯಾವ ತುಣುಕು ಎಲ್ಲಿತ್ತು, ಪಕ್ಕದಲ್ಲಿ ಏನು ಬರೆದಿತ್ತು ಅನ್ನುವುದರ ದಾಖಲೆ. ಒಂದು ಸಲ ಬಿಚ್ಚಿದ ಮೇಲೆ ಆ ಕ್ರಮ ಮತ್ತೆ ಸಿಗುವುದಿಲ್ಲ.

ಪುಟ ತಿರುಗಿಸುವಾಗ ಬಟ್ಟೆಯ ಮೇಲೆ ಕಂದು ಚೂರು ಉದುರಿದರೆ ಅಲ್ಲಿಗೇ ನಿಲ್ಲಿಸಿ. ಗಟ್ಟಿ ಇದೆಯಾ ಅಂತ ಮೂಲೆ ಮಡಚಿ ನೋಡಲೇಬೇಡಿ. ಮುರಿದ ಮೂಲೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಪುಸ್ತಕದಲ್ಲಿ ನೂರು ಕಟಿಂಗ್ ಇದ್ದು, ಎಲ್ಲವೂ ಕೆಟ್ಟಿದ್ದರೆ ಯಾವುದನ್ನು ಮೊದಲು ಉಳಿಸಬೇಕು? ಹೆಚ್ಚಿನವರು 1983ರ ವಿಶ್ವಕಪ್ ಪುಟಕ್ಕೆ ಮೊದಲು ಕೈ ಹಾಕುತ್ತಾರೆ. ಅದು ಸಹಜ. ಆದರೆ ಆ ಪುಟ ದೊಡ್ಡ ಗ್ರಂಥಾಲಯಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದ ಹೋಬಳಿ ಮಟ್ಟದ ಕಬಡ್ಡಿ ಫಲಿತಾಂಶ, ದಸರಾ ಕ್ರೀಡಾಕೂಟಕ್ಕೆ ಆಯ್ಕೆಯಾದವರ ಪಟ್ಟಿ, ತಾಲ್ಲೂಕು ವಾಲಿಬಾಲ್ ತಂಡದ ಫೋಟೊ, ಇವು ಇನ್ನೆಲ್ಲೂ ಇಲ್ಲದಿರಬಹುದು. ಪತ್ರಿಕೆಗಳ ಇ-ಪೇಪರ್ ಬಂದದ್ದು ಇತ್ತೀಚೆಗೆ. ಅದಕ್ಕೂ ಹಿಂದಿನ ಜಿಲ್ಲಾ ಆವೃತ್ತಿಗಳನ್ನು ನೆಟ್‌ನಲ್ಲಿ ಹುಡುಕಿದರೆ ಸಿಗುವುದು ತೀರಾ ಕಷ್ಟ. ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾಯಿತು. ಆ ಮೊದಲ ವರ್ಷಗಳ ತಂಡದ ಪಟ್ಟಿ ಯಾರ ಮನೆಯ ಕಟಿಂಗ್ ಪುಸ್ತಕದಲ್ಲಿದೆಯೋ, ಅದರ ಬೆಲೆ ನನ್ನ ಲೆಕ್ಕದಲ್ಲಿ ಆ ವಿಶ್ವಕಪ್ ಪುಟಕ್ಕಿಂತ ಜಾಸ್ತಿ. ಊರಿನದ್ದನ್ನು ಮೊದಲು ಉಳಿಸಿ.

ಇಡೀ ತುಣುಕು ಒಂದೇ ಸಮ ಹಳದಿ

ಎಲ್ಲೂ ಪಟ್ಟಿ ಇಲ್ಲ, ಚುಕ್ಕೆ ಇಲ್ಲ, ಅಂಚು ಮಾತ್ರ ಸ್ವಲ್ಪ ಜಾಸ್ತಿ ಕಂದು. ಇದು ನ್ಯೂಸ್‌ಪ್ರಿಂಟಿನ ಹುಟ್ಟುಗುಣ. ಅಗ್ಗವಾಗಲಿ ಅಂತ ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಲಿಗ್ನಿನ್, ಅಂದರೆ ಮರದ ನಾರನ್ನು ಹಿಡಿದಿಡುವ ವಸ್ತು, ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ. ಜೊತೆಗೆ ಕಾಗದದೊಳಗೇ ಆಮ್ಲ ಹುಟ್ಟಿ ನಾರನ್ನು ತುಂಡು ಮಾಡುತ್ತದೆ. ಆಮೇಲೆ ಕಾಗದ ಪುಡಿಯಾಗುವುದು. ನಮ್ಮ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನಲ್ಲೂ (ಎಂ.ಪಿ.ಎಂ.) ನ್ಯೂಸ್‌ಪ್ರಿಂಟ್ ತಯಾರಾಗುತ್ತಿತ್ತು. ಎಲ್ಲಿ ತಯಾರಾದರೂ ಒಂದು ದಿನ ಓದಿ ಬಿಸಾಡುವ ಲೆಕ್ಕದಲ್ಲೇ ಮಾಡಿದ ಕಾಗದ ಅದು. ದಶಕಗಟ್ಟಲೆ ಇಡುವುದಕ್ಕಲ್ಲ.

ಈ ಹಳದಿಯನ್ನು ಮನೆಯಲ್ಲಿ ತೆಗೆಯಲಾಗದು, ನಿಧಾನ ಮಾಡಬಹುದು ಅಷ್ಟೇ. ಕತ್ತಲು, ತಂಪು, ಹಿಂದೆ ಆಮ್ಲ ಇಲ್ಲದ ಬಿಳಿ ಹಾಳೆ. ಆಮ್ಲ ಹೋಗಲಿ ಅಂತ ಕುಡಿಯುವ ಸೋಡಾದಲ್ಲಿ ಮಿಲ್ಕ್ ಆಫ್ ಮೆಗ್ನೀಷಿಯಾ (ಹೊಟ್ಟೆಯ ಆಮ್ಲಕ್ಕೆ ಕುಡಿಯುವ ಬಿಳಿ ಔಷಧ) ಕರಗಿಸಿ ಕಟಿಂಗ್ ನೆನೆಸುವ ಉಪಾಯ ಬಹಳ ಕಡೆ ಹರಿದಾಡುತ್ತಿದೆ. ಒಂದೇ ಪ್ರತಿ ಇರುವಾಗ ಆ ಸಾಹಸ ಬೇಡ. ಒದ್ದೆಯಾದ ಹಳೇ ನ್ಯೂಸ್‌ಪ್ರಿಂಟ್ ಕೈಯಲ್ಲೇ ಹರಿಯುತ್ತದೆ. ಪಕ್ಕದಲ್ಲಿ ಇಂಕು ಪೆನ್ನಿನಲ್ಲಿ ಬರೆದ ತಾರೀಖು ಇದ್ದರೆ ಅದೂ ಕರಗಿ ಹೋಗುತ್ತದೆ.

"ಅಕ್ಷರ ಮಾಸಿಹೋಗಿದೆ, ಓದಲು ಆಗುತ್ತಿಲ್ಲ" ಅನ್ನುವವರು ಗಮನಿಸಿ. ಪತ್ರಿಕೆಯ ಕಪ್ಪು ಶಾಯಿಯಲ್ಲಿರುವುದು ಇಂಗಾಲದ ಮಸಿ, ಅದು ಮಾಸುವುದಿಲ್ಲ. ಹಿಂದಿನ ಕಾಗದ ಕಂದಾಗಿ ಅಕ್ಷರ ಎದ್ದು ಕಾಣುತ್ತಿಲ್ಲ, ಅಷ್ಟೇ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಫೋಟೊ ತಿದ್ದುವ ಯಾವುದಾದರೂ ಸಾಫ್ಟ್‌ವೇರಿನಲ್ಲಿ ಕೆಂಪು ಚಾನೆಲ್ ಮಾತ್ರ ಇಟ್ಟುಕೊಂಡು ನೋಡಿ. ಹಳದಿ, ಕಂದು ಎರಡೂ ತೆಳುವಾಗಿ ಅಕ್ಷರ ಕಪ್ಪಗೆ ಮೇಲೆದ್ದು ಬರುತ್ತವೆ. ಬಣ್ಣದ ಫೋಟೊಗಳ ಕತೆ ಬೇರೆ. ಅಲ್ಲಿ ಹಳದಿ, ಗುಲಾಬಿ ಶಾಯಿಗಳು ಮೊದಲು ಮಾಸುತ್ತವೆ. ಆಟಗಾರರ ಮುಖ ನೀಲಿಗಟ್ಟಿದ್ದರೆ ಬಹಳ ದಿನ ಬೆಳಕು ಬಿದ್ದಿದೆ ಅಂತ ಅರ್ಥ.

ಎದುರು ಪುಟದಲ್ಲಿ ಕಟಿಂಗ್ ಆಕಾರದ ಕಂದು ನೆರಳು

ತುಣುಕಿನ ಆಮ್ಲ ಎದುರಿನ ಹಾಳೆಗೆ ದಾಟಿದೆ. ಪುಸ್ತಕ ಮುಚ್ಚಿದಾಗ ಎರಡೂ ತಾಗಿಕೊಂಡಿರುತ್ತವಲ್ಲ, ಅದರಿಂದ. ಪ್ರತಿ ಎರಡು ಪುಟದ ಮಧ್ಯೆ ಆಮ್ಲರಹಿತ ತೆಳು ಕಾಗದ ಇಟ್ಟರೆ ಮುಂದಕ್ಕೆ ತಪ್ಪುತ್ತದೆ.

ಕೆಲವು ಸಲ ತಪ್ಪು ತುಣುಕಿನದ್ದಲ್ಲ, ಪುಸ್ತಕದ್ದೇ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಹಾಳೆಯ ಸ್ಕ್ರ್ಯಾಪ್ ಬುಕ್, ಹಳೇ ಲೆಡ್ಜರ್, ಬ್ಯಾಂಕಿನವರು ಕೊಟ್ಟ ಡೈರಿ, ಇವುಗಳಲ್ಲೇ ಹೆಚ್ಚಿನವರು ಅಂಟಿಸಿರುವುದು. ಕಟಿಂಗ್ ಒಂದು ಕಡೆ ಎದ್ದು ಬಂದಿದ್ದರೆ ಅದರ ಅಡಿಯ ಹಾಳೆ ನೋಡಿ. ಏನೂ ಅಂಟಿಸದ ಖಾಲಿ ಜಾಗವೂ ಅಷ್ಟೇ ಕಂದಾಗಿದ್ದರೆ ಪುಸ್ತಕದ ಕಾಗದವೇ ಕೆಟ್ಟದ್ದು. ಅನುಮಾನ ಇದ್ದರೆ ಪಿಎಚ್ ಪೆನ್ನಿನಲ್ಲಿ ಖಾಲಿ ಮೂಲೆಯಲ್ಲಿ ಒಂದು ಗೆರೆ ಎಳೆಯಿರಿ. ನೇರಳೆ ಬಂದರೆ ಪರವಾಗಿಲ್ಲ, ಹಳದಿಯಾದರೆ ಆಮ್ಲ ಇದೆ. ಕಟಿಂಗ್ ಮೇಲೆ ಮಾತ್ರ ಗೆರೆ ಎಳೆಯಬೇಡಿ.

ಉದ್ದಕ್ಕೆ ಪಟ್ಟಿ ಪಟ್ಟಿ ಕಲೆ

ನೇರ ಅಂಚಿನ, ಎಣ್ಣೆ ಹೀರಿದಂತೆ ಪಾರದರ್ಶಕವಾದ ಕಂದು ಪಟ್ಟಿ ಕಂಡರೆ ಅದು ಸೆಲೋ ಟೇಪ್. ಬೇರೆ ಯಾವುದೂ ಈ ಗುರುತು ಬಿಡುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಒಣಗಿ ತಾನೇ ಎದ್ದಿದ್ದರೆ ಚಿಮುಟದಲ್ಲಿ ಮೆಲ್ಲಗೆ ತೆಗೆದುಬಿಡಿ. ಇನ್ನೂ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಅಕ್ಷರ ಟೇಪಿನ ಜೊತೆಗೇ ಬರುತ್ತದೆ. ಪೆಟ್ರೋಲು, ಥಿನ್ನರು, ನೇಲ್ ಪಾಲಿಶ್ ತೆಗೆಯುವ ದ್ರವ ಯಾವುದೂ ಬೇಡ, ಶಾಯಿ ಹರಡುತ್ತದೆ. ಇನ್ನೂ ಅಂಟಂಟಾಗಿರುವ ಜಾಗದ ಮೇಲೆ ಬಟರ್ ಪೇಪರ್ ಮುಚ್ಚಿಟ್ಟರೆ ಎದುರು ಪುಟಕ್ಕೆ ಹಿಡಿಯುವುದಿಲ್ಲ. ಈ ಕಲೆ ಪೂರ್ತಿ ತೆಗೆಯುವುದು ಕಾಗದ ಸಂರಕ್ಷಣೆ ಕಲಿತವರ ಕೆಲಸ.

ಕೆಂಪು ಕಂದು ಚಿಕ್ಕ ಗುರುತು ಎರಡು ಅಕ್ಕಪಕ್ಕ ಇದ್ದರೆ ಸ್ಟೇಪ್ಲರ್ ಪಿನ್ನು, ಒಂದೇ ಇದ್ದರೆ ಗುಂಡುಸೂಜಿ. ತುಕ್ಕು ಹಿಡಿದ ಪಿನ್ನನ್ನು ಮುಂದಿನಿಂದ ಎಳೆಯದೆ, ಹಿಂದಿನ ಎರಡೂ ಕಾಲು ನೇರ ಮಾಡಿ ಹೊರತೆಗೆಯಿರಿ.

ಸುಕ್ಕು, ಉಬ್ಬು, ಮಧ್ಯದಲ್ಲಿ ಬೊಟ್ಟಿನಂಥ ಕಲೆ

ಇದು ಅಂಟಿನ ತೊಂದರೆ. ಯಾವ ಅಂಟು ಅಂತ ತಿಳಿದರೆ ಬಿಡಿಸಬಹುದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ಒಂದು ಭೂತಗನ್ನಡಿ ಹಿಡಿದು ಎದ್ದ ಅಂಚಿನ ಕೆಳಗೆ ನೋಡಿ.

ಬೆಳ್ಳಗೆ, ಪುಡಿಪುಡಿಯಾಗಿ ಉದುರುತ್ತಿದ್ದರೆ ಮೈದಾ ಅಂಟು. ಮನೆಯಲ್ಲಿ ಕುದಿಸಿ ಮಾಡಿದ್ದು. ಇದು ಒಳ್ಳೆಯ ಸುದ್ದಿ, ಒಂಚೂರು ತೇವ ಕೊಟ್ಟರೆ ಬಿಡುತ್ತದೆ. ಆದರೆ ಹುಳಕ್ಕೂ ಇದೇ ಇಷ್ಟ. ಹಳೇ ಬೈಂಡಿಂಗ್ ಕೆಲಸದವರು ಹುಳ ಬಾರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ. ಹಳೇ ಪುಸ್ತಕ ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ, ಮಕ್ಕಳಿದ್ದರೆ ಇನ್ನೂ ಹುಷಾರು.

ಗಾಜಿನ ಹಾಗೆ ಹೊಳೆಯುತ್ತಾ, ಬಿರುಕು ಬಿಟ್ಟು, ಜೇನುಬಣ್ಣದಲ್ಲಿದ್ದರೆ ಬಾಟಲಿಯ ಗೋಂದು. ಇದೂ ನೀರಿಗೆ ಕರಗುತ್ತದೆ. ಪಾರದರ್ಶಕವಾಗಿ, ಪ್ಲಾಸ್ಟಿಕ್ಕಿನ ಹಾಗೆ ಬಾಗುತ್ತಿದ್ದರೆ ಮರಗೆಲಸಕ್ಕೆ ಬಳಸುವ ಬಿಳಿ ಅಂಟು. ಇದು ಒಣಗಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಬಿಡಿಸಲು ಹೋಗದೆ ಇಡೀ ಪುಟವನ್ನೇ ಕತ್ತರಿಸಿ ಇಟ್ಟುಕೊಳ್ಳುವುದು ವಾಸಿ. ಕಟಿಂಗ್ ತಾನೇ ಬಿದ್ದುಹೋಗಿ, ಅದರ ಜಾಗದಲ್ಲಿ ಕಡುಕಂದು ಕಲೆ ಇದ್ದು, ಅದು ಮುಂಭಾಗಕ್ಕೂ ಇಳಿದಿದ್ದರೆ ರಬ್ಬರ್ ಸೊಲ್ಯೂಷನ್. ಕಲೆ ಹೋಗುವುದಿಲ್ಲ. ಬಿದ್ದ ತುಣುಕನ್ನು ಮತ್ತೆ ಅದೇ ಜಾಗಕ್ಕೆ ಅಂಟಿಸಬೇಡಿ.

ಮೈದಾ, ಗೋಂದು ಎರಡಕ್ಕೂ ತೇವ ಕೊಡುವ ರೀತಿ ಹೀಗೆ. ಮೊದಲು ಒಂದು ಮೂಲೆಯ ಅಕ್ಷರದ ಮೇಲೆ ಒದ್ದೆ ಹತ್ತಿಕಡ್ಡಿ ಒತ್ತಿ ನೋಡಿ, ಶಾಯಿ ಬಂದರೆ ಅಲ್ಲಿಗೇ ಬಿಡಿ. ಬರದಿದ್ದರೆ ಬ್ಲಾಟಿಂಗ್ ಪೇಪರನ್ನು ನೆನೆಸಿ, ಚೆನ್ನಾಗಿ ಹಿಂಡಿ, ಪುಟದ ಹಿಂಭಾಗಕ್ಕೆ ಇಟ್ಟು ಕಾಯಿರಿ. ತೇವ ಹಿಂದಿನಿಂದ ಬರಬೇಕು. ಅಂಟು ಮೆತ್ತಗಾದ ಮೇಲೆ ಚಪ್ಪಟೆ ಚಾಕು ಮೆಲ್ಲಗೆ ಜಾರಿಸಿ. ಬಂದ ತುಣುಕನ್ನು ಎರಡು ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು ಮೇಲೆ ಭಾರ ಹೇರಿ ಒಣಗಿಸಿ. ಆಗ ಸುಕ್ಕೂ ಬಹುಪಾಲು ಹೋಗುತ್ತದೆ. ಉದುರುವ ಸ್ಥಿತಿಯಲ್ಲಿರುವ ಕಟಿಂಗಿಗೆ ಇದನ್ನು ಮಾಡಬೇಡಿ.

ಹುಳ ತಿಂದ ಗುರುತು

ಕಾಗದದ ಮೇಲ್ಪದರ ಮಾತ್ರ ಕೆರೆದು, ಅಲ್ಲಲ್ಲಿ ತೆಳ್ಳಗಾಗಿ, ಅಂಚು ಅಂಕುಡೊಂಕಾಗಿದ್ದರೆ ಸಿಲ್ವರ್ ಫಿಶ್, ಆ ಬೆಳ್ಳಿ ಬಣ್ಣದ ಓಡುಹುಳ. ಜಿರಳೆ ತಿಂದರೂ ಅಂಚು ಹೀಗೇ ಇರುತ್ತದೆ, ಜೊತೆಗೆ ಕಪ್ಪು ಹಿಕ್ಕೆ ಕಾಣುತ್ತದೆ. ಹಲವು ಪುಟ ದಾಟಿ ಒಂದೇ ಗುಂಡನೆ ತೂತು ಇದ್ದರೆ ಪುಸ್ತಕ ಕೊರೆಯುವ ದುಂಬಿಯ ಮರಿಹುಳ. ಮಣ್ಣು ಇದ್ದರೆ ಗೆದ್ದಲು. ಗೆದ್ದಲಿದ್ದರೆ ಪುಸ್ತಕದ ಚಿಂತೆ ಆಮೇಲೆ, ಮೊದಲು ಬೀರುವಿನ ಹಿಂದಿನ ಗೋಡೆ ನೋಡಿಸಿ.

ಹುಳ ಇನ್ನೂ ಒಳಗೆ ಜೀವಂತ ಇದೆಯಾ? ಪುಸ್ತಕವನ್ನು ಬಿಳಿ ಹಾಳೆಯ ಮೇಲೆ ಇಟ್ಟು ಒಂದು ವಾರ ಬಿಡಿ. ಹೊಸ ಪುಡಿ ಬಿದ್ದಿದ್ದರೆ ಇದೆ. ಆಗ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಭದ್ರವಾಗಿ ಕಟ್ಟಿ ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಪುಸ್ತಕ ಕೋಣೆಯ ಬಿಸಿಗೆ ಬರುವ ತನಕ, ಅಂದರೆ ಪೂರಾ ಒಂದು ದಿನ, ಹಾಗೇ ಇರಲಿ. ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆಯ ಹೊಗೆ ನಮ್ಮ ಉಸಿರಿಗೆ ಒಳ್ಳೆಯದಲ್ಲ, ನಾನು ಅದನ್ನು ಬಳಸಿ ಅನ್ನುವುದಿಲ್ಲ. ಹಸಿ ಬೇವಿನ ಸೊಪ್ಪು ಇಡಲೇಬೇಡಿ, ಅದರ ತೇವವೇ ಬೂಸ್ಟಿಗೆ ದಾರಿ.

ಬೂಸ್ಟು, ಮಳೆಗಾಲ, ಸೋರಿದ ನೀರು

ಕರಾವಳಿ, ಮಲೆನಾಡಿನವರಿಗೆ ಇದೇ ದೊಡ್ಡ ಕಾಟ. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಬೂಸ್ಟು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರು, ಆಗುಂಬೆ ಕಡೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ, ಅಲ್ವಾ? ಮುಟ್ಟಿದರೆ ಬೆರಳಿಗೆ ಹತ್ತುವ ಬಿಳಿ ಅಥವಾ ಹಸಿರು ಧೂಳು ಇದ್ದು, ಹಸಿ ವಾಸನೆ ಬಂದರೆ ಬೂಸ್ಟು ಬೆಳೆಯುತ್ತಿದೆ. ಕಂದು ಚುಕ್ಕೆ ಮಾತ್ರ ಇದ್ದು ಏನೂ ಉದುರದಿದ್ದರೆ ಹಳೇ ಕಲೆ, ಸದ್ಯಕ್ಕೆ ಅಪಾಯ ಇಲ್ಲ.

ಬೆಳೆಯುತ್ತಿರುವುದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ. ಮೊದಲು ಫ್ಯಾನ್ ಗಾಳಿಗೆ, ನೆರಳಲ್ಲಿ, ಪುಟ ಬಿಡಿಸಿ ಪೂರ್ತಿ ಒಣಗಿಸಿ. ಆಮೇಲೆ ಮೂಗಿಗೆ ಎನ್-95 ಮಾಸ್ಕ್ ಹಾಕಿ, ಹೊರಗೆ ಕೂತು, ಮೆತ್ತನೆ ಬ್ರಷ್‌ನಲ್ಲಿ ನಿಮ್ಮಿಂದ ಆಚೆಗೆ ಗುಡಿಸಿ. ಅಸ್ತಮಾ ಇದ್ದವರು ಈ ಕೆಲಸ ಬೇರೆಯವರಿಗೆ ಕೊಡಿ.

ಹೆಂಚು ಸೋರಿ ಪುಸ್ತಕ ನೆನೆದಿದ್ದರೆ ಹೊತ್ತು ಕಳೆಯಬೇಡಿ. ಎರಡು ದಿನದೊಳಗೆ ಬೂಸ್ಟು ಶುರುವಾಗುತ್ತದೆ. ಒಣಗಿಸಲು ಪುರುಸೊತ್ತು ಇಲ್ಲದಿದ್ದರೆ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಒಣಗಿಸಬಹುದು. ನಯವಾದ ಹೊಳೆಯುವ ಕಾಗದ, ಅಂದರೆ ಕ್ರೀಡಾ ಪತ್ರಿಕೆಗಳ ನಡುಪುಟದ ಪೋಸ್ಟರ್‌ನಂಥದ್ದು, ನೆನೆದು ಒಣಗಿದರೆ ಕಲ್ಲಿನ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಡಿಸಲಾಗದು. ಒದ್ದೆ ಇರುವಾಗಲೇ ಪುಟದ ಮಧ್ಯೆ ಬಟರ್ ಪೇಪರ್ ತೂರಿಸಿ.

ಪ್ಲಾಸ್ಟಿಕ್ ಒಳಗಿಟ್ಟರೂ ಕೆಟ್ಟಿದೆ

ಬಿಸಿ ಲ್ಯಾಮಿನೇಷನ್ ಮಾಡಿಸಿದ್ದರೆ ಅದನ್ನು ಬಿಚ್ಚುವ ದಾರಿ ಮನೆಯಲ್ಲಿಲ್ಲ. ಒಳಗಿನ ಆಮ್ಲ ಒಳಗೇ ಕೆಲಸ ಮುಂದುವರಿಸುತ್ತದೆ. ಸ್ಕ್ಯಾನ್ ಮಾಡಿ ಕತ್ತಲಲ್ಲಿಡಿ. ಕವರ್ ತೆರೆದಾಗ ಹೊಸ ರೇನ್‌ಕೋಟಿನ ವಾಸನೆ ಬಂದು, ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿದ್ದರೆ ಅದು ಪಿವಿಸಿ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರಿಗೆ ಬದಲಿಸಿ. ಅಂಟುಪುಟದ ಆಲ್ಬಂಗೆ ಹಿಡಿದ ಫೋಟೊ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಕೆಳಗೆ ಗರಗಸದಂತೆ ಎಳೆಯಿರಿ.

ಎಲ್ಲ ಚೆನ್ನಾಗಿದೆ, ತಾರೀಖೇ ಇಲ್ಲ

ಇದನ್ನು ಯಾರೂ ದೋಷ ಅಂತ ಎಣಿಸುವುದಿಲ್ಲ. ನನಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡದು. ಅಂಚು ಚೊಕ್ಕವಾಗಿರಲಿ ಅಂತ ಪತ್ರಿಕೆಯ ಹೆಸರು, ತಾರೀಖು ಇರುವ ಮೇಲಿನ ಪಟ್ಟಿಯನ್ನೇ ಕತ್ತರಿಸಿ ಬಿಸಾಡಿರುತ್ತಾರೆ. ಪುಣ್ಯಕ್ಕೆ, ಪತ್ತೆಗೆ ದಾರಿಗಳಿವೆ.

ಮೊದಲು ತುಣುಕನ್ನು ತಿರುಗಿಸಿ. ಹಿಂಭಾಗದಲ್ಲಿ ಅರ್ಧ ಜಾಹೀರಾತು, ಚಿನ್ನದ ದರ, ಎಸ್ಸೆಸ್ಸೆಲ್ಸಿ ಫಲಿತಾಂಶ, ಟೆಂಡರಿನ ಕೊನೆಯ ದಿನ, ಏನಾದರೂ ಇರುತ್ತದೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಪಿನ್‌ಕೋಡ್ ಬಂದದ್ದೇ ಅವತ್ತು. "ಬೆಂಗಳೂರು-3" ಅಂತ ಮಾತ್ರ ಇದ್ದರೆ ಏನೂ ಹೇಳಲಾಗದು, ಆಮೇಲೂ ಜನ ಹಾಗೇ ಬರೆಯುತ್ತಿದ್ದರು. ಮೊಬೈಲ್ ನಂಬರ್ ಇದ್ದರೆ 1995ಕ್ಕಿಂತ ಹಿಂದಿನದ್ದಾಗಿರಲು ಸಾಧ್ಯವಿಲ್ಲ.

ಮುಂಭಾಗದ ಸುದ್ದಿಯೂ ಮಾತಾಡುತ್ತದೆ. ರಣಜಿ ವರದಿಯಲ್ಲಿ ನಮ್ಮ ತಂಡವನ್ನು "ಮೈಸೂರು" ಅಂದಿದ್ದರೆ 1972-73ರ ಋತು ಅಥವಾ ಅದಕ್ಕೂ ಹಿಂದಿನದು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ಆ 1973-74ರ ಋತುವಿನಲ್ಲೇ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದಲ್ಲಿ, ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಮಣಿಸಿ, ನಾವು ಮೊದಲ ಸಲ ರಣಜಿ ಗೆದ್ದದ್ದು. ಟೆಸ್ಟ್ ವರದಿಯಲ್ಲಿ "ಇಂದು ವಿಶ್ರಾಂತಿ ದಿನ" ಅಂತಿದ್ದರೆ ಅದೂ ಹಳೇ ಕಾಲದ ಗುರುತು. ಸ್ಕೋರ್ ಇದ್ದರಂತೂ ನೆಟ್‌ನಲ್ಲಿರುವ ಸ್ಕೋರ್‌ಕಾರ್ಡಿಗೆ ಹೋಲಿಸಿದರೆ ಪಂದ್ಯದ ದಿನವೇ ಸಿಗುತ್ತದೆ.

ಪಂದ್ಯದ ದಿನ ಸಿಕ್ಕಿತು ಅಂತ ಅದಕ್ಕೆ ಒಂದು ದಿನ ಕೂಡಿಸಿ ಪತ್ರಿಕೆಯ ತಾರೀಖು ಬರೆದುಬಿಡಬೇಡಿ. ದೂರದ ಊರಿಗೆ ಹೋಗುವ ಆವೃತ್ತಿ ರಾತ್ರಿ ಬೇಗ ಅಚ್ಚಾಗುತ್ತದೆ. 1996ರ ಅಕ್ಟೋಬರ್ 21ರಂದು ಚಿನ್ನಸ್ವಾಮಿಯಲ್ಲಿ ಹೊನಲು ಬೆಳಕಿನ ಪಂದ್ಯ. ಆಸ್ಟ್ರೇಲಿಯಾ ಎದುರು ಶ್ರೀನಾಥ್, ಕುಂಬ್ಳೆ ಮುರಿಯದ ಒಂಬತ್ತನೇ ವಿಕೆಟಿಗೆ 52 ರನ್ ಸೇರಿಸಿ ಗೆಲ್ಲಿಸಿದ್ದು ರಾತ್ರಿ ಹೊತ್ತಿಗೆ. ಇಂಥ ಪಂದ್ಯದ ಪೂರ್ತಿ ವರದಿ ಬೆಂಗಳೂರಿನ ಪ್ರತಿಯಲ್ಲಿ ಮರುದಿನ ಬಂದರೂ ದೂರದ ಪ್ರತಿಯಲ್ಲಿ ಇನ್ನೊಂದು ದಿನ ತಡವಾಗಿರಬಹುದು. 1983ರ ಜೂನ್ 25ರ ಫೈನಲ್ ಮುಗಿದದ್ದೂ ನಮ್ಮ ಗಡಿಯಾರದಲ್ಲಿ ನಡುರಾತ್ರಿಯ ಹೊತ್ತಿಗೆ. ಹಾಗಾಗಿ ಪಂದ್ಯದ ದಿನ, ಪತ್ರಿಕೆಯ ದಿನ ಎರಡನ್ನೂ ಬೇರೆ ಬೇರೆ ಬರೆಯಿರಿ. ಊಹೆಯಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಬರೆಯುವುದು ಪೆನ್ಸಿಲ್‌ನಲ್ಲಿ, ಹಾಳೆಯ ಮೇಲೆ, ಕಟಿಂಗ್ ಮೇಲಲ್ಲ.

ಊರಿನ ಪಂದ್ಯಗಳಿಗೆ ಯಾವ ವೆಬ್‌ಸೈಟೂ ನೆರವಿಗೆ ಬರುವುದಿಲ್ಲ. ಆಡಿದವರನ್ನೇ ಕೇಳಬೇಕು. "ಮಾವ, ಈ ಫೋಟೊದಲ್ಲಿ ಎಡಗಡೆ ಕೊನೆಗೆ ನಿಂತವರು ಯಾರು?" ಅಂತ ಕೇಳಿದರೆ ಹೆಸರಿನ ಜೊತೆಗೆ ಅವತ್ತು ರೆಫರಿ ಕೊಟ್ಟ ತಪ್ಪು ತೀರ್ಪು, ಗೆದ್ದ ಮೇಲೆ ಊಟ ಹಾಕಿದ ಹೋಟೆಲು, ಎಲ್ಲ ಬರುತ್ತದೆ. ಮೊಬೈಲಿನಲ್ಲಿ ಆ ಮಾತು ರೆಕಾರ್ಡ್ ಮಾಡಿಕೊಳ್ಳಿ. ಅವರಿಗೆ ನೆನಪಿರುವಾಗಲೇ ಕೇಳಿ.

ಸ್ಕ್ಯಾನ್ ಮತ್ತು ಮರುಜೋಡಣೆ

ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಳತೆ) ಕಡಿಮೆ ಬೇಡ, ಸಣ್ಣಕ್ಷರದ ಸ್ಕೋರ್‌ಕಾರ್ಡಿಗೆ 600. ಹಿಂಬದಿಯ ಅಕ್ಷರ ಮುಂದಕ್ಕೆ ಇಣುಕುತ್ತಿದ್ದರೆ ತುಣುಕಿನ ಹಿಂದೆ ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿ, ಇಣುಕು ಮಾಯ. ಫೋಟೊದಲ್ಲಿ ಅಲೆ ಅಲೆ ವಿನ್ಯಾಸ ಬಂದರೆ ಅಚ್ಚಿನ ಚುಕ್ಕೆಗಳ ಕಾಟ. ಸ್ಕ್ಯಾನರಿನ ಸೆಟ್ಟಿಂಗ್‌ನಲ್ಲಿ ಡಿಸ್ಕ್ರೀನ್ ಆನ್ ಮಾಡಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡುವುದು ಮರೆಯಬೇಡಿ, ತಾರೀಖಿನ ಸಾಕ್ಷಿ ಅಲ್ಲೇ ಇದೆ. ಮೂಲ ಕಡತವನ್ನು ಟಿಫ್ ಆಗಿ, ಅಂದರೆ ಚಿತ್ರದ ಗುಣಮಟ್ಟ ಕುಗ್ಗಿಸದ ಕಡತವಾಗಿ, ಎರಡು ಕಡೆ ಇಡಿ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದ್ದು ಕುಗ್ಗಿಹೋಗಿರುತ್ತದೆ, ಅದನ್ನೇ ಮೂಲ ಅಂತ ಇಟ್ಟುಕೊಳ್ಳಬೇಡಿ.

ಹೊಸ ಪುಸ್ತಕಕ್ಕೆ ಆಮ್ಲರಹಿತ ಹಾಳೆ ತನ್ನಿ. ಕಟಿಂಗನ್ನು ಪೂರ್ತಿ ಅಂಟಿಸದೆ ಫೋಟೊ ಕಾರ್ನರ್‌ನಲ್ಲಿ, ಅಂದರೆ ನಾಲ್ಕು ಮೂಲೆ ಹಿಡಿಯುವ ಪುಟ್ಟ ಜೇಬುಗಳಲ್ಲಿ, ಕೂರಿಸಿ. ತೀರಾ ಅಂಟಿಸಲೇಬೇಕಾದರೆ ಮೇಲಂಚಿಗೆ ಮಾತ್ರ, ಗಟ್ಟಿಯಾಗಿ ಕುದಿಸಿದ ಗೋಧಿ ಪಿಷ್ಟದ ಅಂಟು ತೆಳ್ಳಗೆ ಹಚ್ಚಿ. ಹಾಗೆ ಮಾಡಿದರೆ ಹಿಂಭಾಗ ತಿರುಗಿಸಿ ಓದಬಹುದು, ಬೇಕಾದಾಗ ಬಿಡಿಸಲೂಬಹುದು. ತೀರಾ ಉದುರುವಂಥದ್ದಕ್ಕೆ ಪಾಲಿಯೆಸ್ಟರ್ ಕವರ್, ಒಳಗೆ ಬೆಂಬಲಕ್ಕೆ ಒಂದು ಹಾಳೆ. ಪುಸ್ತಕವನ್ನು ಸ್ಟೀಲ್ ಬೀರುವಿನಲ್ಲಿ, ಮಲಗಿಸಿ, ಹೊರಗೋಡೆಯಿಂದ ದೂರ ಇಡಿ. ಅಟ್ಟ ಬೇಡ, ಅಲ್ಲಿ ಬೇಸಿಗೆಯ ಕಾವು ಜಾಸ್ತಿ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಮತ್ತೆ ಬಳಸಿ.

ಊರಿನ ತಂಡದ ಪುಟಗಳ ಒಂದು ಜೆರಾಕ್ಸ್ ಸೆಟ್ ತೆಗೆಸಿ, ಹಾಳೆಯ ಹಿಂದೆ ಹೆಸರು, ತಾರೀಖು ಪೆನ್ಸಿಲ್‌ನಲ್ಲಿ ಬರೆದು, ಊರಿನ ಗ್ರಂಥಾಲಯಕ್ಕೋ ಆಡಿದ ಶಾಲೆಗೋ ಕೊಡಿ. ಒಂದು ಪ್ರತಿ ಆ ತಂಡದಲ್ಲಿ ಆಡಿದವರ ಮನೆಗೂ ಹೋಗಲಿ. ಎಷ್ಟೋ ಜನರ ಹತ್ತಿರ ತಮ್ಮದೇ ಫೋಟೊ ಇರುವುದಿಲ್ಲ.